ಅಂಚೆ ಚೀಟಿ ಆನ್‌ಲೈನ್‌ನಲ್ಲಿ ಮಾರುವವರಿಗೆ: ಹಿಂಬದಿಯನ್ನೂ ತೋರಿಸುವ ಮಾರ್ಗದರ್ಶಿ

ಅಂಗಡಿಯಲ್ಲಿ ಹಳೇ ಅಂಚೆ ಚೀಟಿ ಕೊಳ್ಳುವವರು ಮೊದಲು ಮಾಡುವ ಕೆಲಸ ಅದನ್ನು ಚಿಮಟದಲ್ಲಿ ಹಿಡಿದು ತಿರುಗಿಸಿ ನೋಡುವುದು. ಗಮ್ ಇದೆಯಾ, ಹಿಂಜ್ (ಚೀಟಿಯನ್ನು ಆಲ್ಬಮ್‌ಗೆ ಕೂರಿಸುವ ಸಣ್ಣ ಕಾಗದದ ತುಂಡು) ಅಂಟಿಸಿದ ಗುರುತಿದೆಯಾ, ಕಾಗದ ಎಲ್ಲಾದರೂ ತೆಳುವಾಗಿದೆಯಾ, ಕಂದು ಚುಕ್ಕೆ ಬಿದ್ದಿದೆಯಾ, ಎಲ್ಲ ಗೊತ್ತಾಗುವುದು ಬೆನ್ನಿನಿಂದಲೇ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಆ ಅವಕಾಶ ಇಲ್ಲ. ನೀವು ಹಾಕಿದ ಒಂದು ಫೋಟೋ, ನೀವು ಬರೆದ ನಾಲ್ಕು ಸಾಲು, ಅಷ್ಟನ್ನೇ ನಂಬಿ ಅವರು ದುಡ್ಡು ಕಳಿಸುತ್ತಾರೆ. ಹಾಗಾಗಿ ಅವರ ಪರವಾಗಿ ಚೀಟಿಯನ್ನು ತಿರುಗಿಸಿ ನೋಡಬೇಕಾದವರು ನೀವೇ. ನೋಡಿದ್ದನ್ನು ಪೂರ್ತಿ ಹೇಳಬೇಕಾದವರೂ ನೀವೇ.

ಇಬೇ ಇಂಡಿಯಾ 2018ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಆಮೇಲೆ ನಮ್ಮಲ್ಲಿ ವ್ಯಾಪಾರದ ದೊಡ್ಡ ಪಾಲು ವಾಟ್ಸಾಪ್ ಗ್ರೂಪು, ಫೇಸ್‌ಬುಕ್ ಹರಾಜುಗಳಿಗೆ ಹರಿಯಿತು. ಹೊರದೇಶಕ್ಕೆ ಮಾರುವವರು ಡೆಲ್‌ಕ್ಯಾಂಪ್, ಹಿಪ್‌ಸ್ಟಾಂಪ್‌ನಂಥ ತಾಣಗಳಿಗೆ ಹೋದರು. ದೊಡ್ಡ ತಾಣದಲ್ಲಿ ದೂರು ಕೊಡುವ ಗುಂಡಿಯಾದರೂ ಇರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಇರುವುದು ಮಾರುವವರ ಮಾತು ಮಾತ್ರ. ಈ ಬರಹ ಮುಖ್ಯವಾಗಿ ಎರಡು ಬಗೆಯವರಿಗೆ: ತಮ್ಮ ಸಂಗ್ರಹದ ಡೂಪ್ಲಿಕೇಟ್ ಮಾರುವವರು, ಮತ್ತು ಅಜ್ಜನ ಆಲ್ಬಮ್ ಕೈಗೆ ಬಂದು ಏನು ಮಾಡುವುದೆಂದು ತಿಳಿಯದೆ ಕೂತವರು.

ಹಂತ 1: ಕೈಯಲ್ಲಿರುವುದು ಏನು ಅಂತ ಮೊದಲು ತಿಳಿಯಿರಿ

ಬೇಕಾದ ಸಾಮಾನು ಜಾಸ್ತಿ ಇಲ್ಲ. ಚಪ್ಪಟೆ ತುದಿಯ ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಪರ್ಫೊರೇಷನ್ ಗೇಜ್, ಒಂದು ಸಣ್ಣ ಯುವಿ ಟಾರ್ಚ್. ಗೇಜ್ ಅಂದರೆ ಚೀಟಿಯ ಅಂಚಿನ ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರುತ್ತವೆ ಎಂದು ಅಳೆಯುವ ಪಟ್ಟಿ. ಆ ತೂತುಗಳ ನಡುವೆ ಉಳಿಯುವ ಮೊನೆಗಳೇ ಚೀಟಿಯ ಹಲ್ಲು. ಇವಿಷ್ಟೂ ಇಲ್ಲದೆ ಬೆಲೆಬಾಳುವ ಚೀಟಿ ಮಾರಲು ಹೊರಡಬೇಡಿ.

ಚೀಟಿಯ ದೇಶ, ಇಸವಿ, ಮುಖಬೆಲೆ ಗುರುತಿಸುವುದು ಸುಲಭ. ಎಡವುವುದು ಅದು ಯಾವ ಬಗೆಯದು ಎಂಬಲ್ಲಿ. ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. 'ಮೈಸೂರು ಸಂಸ್ಥಾನದ ಅಪರೂಪದ ಅಂಚೆ ಚೀಟಿ' ಎಂದು ಹೇಳಿಕೊಂಡು ಮಾರಾಟಕ್ಕೆ ಬರುವ ಚೀಟಿಗಳನ್ನು ನೀವೂ ನೋಡಿರಬಹುದು. ಮೈಸೂರಿಗೆ ತನ್ನದೇ ಅಂಚೆ ವ್ಯವಸ್ಥೆ ಇದ್ದದ್ದು ನಿಜ. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಆದರೆ ಹೈದರಾಬಾದ್, ತಿರುವಾಂಕೂರು, ಕೊಚ್ಚಿನ್ ಹಾಗೆ ಕಾಗದಕ್ಕೆ ಅಂಟಿಸುವ ಅಂಚೆ ಚೀಟಿಯನ್ನು ಮೈಸೂರು ಹೊರಡಿಸಲೇ ಇಲ್ಲ. ಮಾರಾಟಕ್ಕೆ ಬರುವುದು ಕೋರ್ಟ್ ಫೀ ಚೀಟಿ ಅಥವಾ ರೆವಿನ್ಯೂ ಚೀಟಿ. ಅವಕ್ಕೂ ಸಂಗ್ರಾಹಕರಿದ್ದಾರೆ, ಕೆಲವಕ್ಕೆ ಒಳ್ಳೇ ಬೆಲೆಯೂ ಇದೆ. 'ಮೈಸೂರು ರೆವಿನ್ಯೂ' ಎಂದೇ ಬರೆದು ಮಾರಿ, ತಕರಾರಿಲ್ಲ. 'ಅಂಚೆ ಚೀಟಿ' ಎಂದು ಬರೆದರೆ ಅದು ಸುಳ್ಳು, ಗೊತ್ತಿಲ್ಲದೆ ಬರೆದರೂ.

ಇನ್ನು ಮರುಮುದ್ರಣ. 1854ರ ಅರ್ಧ ಆಣೆ, ಒಂದು ಆಣೆ ಚೀಟಿಗಳಿಗೆ ಸರ್ಕಾರವೇ ಮುಂದೆ ಮಾಡಿಸಿದ ಮರುಮುದ್ರಣಗಳಿವೆ. ಫರೀದ್‌ಕೋಟ್, ಜಿಂದ್‌ನಂಥ ಸಂಸ್ಥಾನಗಳ ಚೀಟಿಗಳಿಗಂತೂ ಮರುಮುದ್ರಣ, ಅನುಕರಣೆ ಎರಡೂ ಧಾರಾಳ. ಇಂಥ ಚೀಟಿ ಆಲ್ಬಮ್‌ನಲ್ಲಿ ಸಿಕ್ಕರೆ, ಬೇರೆ ಪುರಾವೆ ಸಿಗುವ ತನಕ ಅದು ಮರುಮುದ್ರಣ ಎಂದೇ ಇಟ್ಟುಕೊಳ್ಳಿ.

ಮೂರನೆಯದು ಯಾವ ಸರ್ಕಾರವೂ ಹೊರಡಿಸದ ಚೀಟಿ. ಗಾಂಧೀಜಿ, ಡಯಾನಾ, ಕ್ರಿಕೆಟ್, ಚಿಟ್ಟೆ, ರೈಲು ಹೀಗೆ ಬೇಡಿಕೆ ಇರುವ ವಿಷಯ ಹಿಡಿದು, ಯಾವುದೋ ದೇಶದ ಹೆಸರು ಹಾಕಿ ಖಾಸಗಿಯವರು ಅಚ್ಚುಹಾಕಿದ ಹಾಳೆಗಳು ಇವು. ಆ ದೇಶದ ಅಂಚೆ ಕಚೇರಿಗೇ ಅವುಗಳ ಸುದ್ದಿ ಗೊತ್ತಿರುವುದಿಲ್ಲ. ವಿಶ್ವ ಅಂಚೆ ಒಕ್ಕೂಟ 2002ರಿಂದ ಡಬ್ಲ್ಯುಎನ್‌ಎಸ್ ಎಂಬ ಪಟ್ಟಿ ನಡೆಸುತ್ತಿದೆ. ಸದಸ್ಯ ದೇಶಗಳು ತಾವು ಹೊರಡಿಸಿದ ಚೀಟಿಗಳನ್ನು ಅದರಲ್ಲಿ ನೋಂದಾಯಿಸುತ್ತವೆ. ಎಲ್ಲ ದೇಶವೂ ಅದರಲ್ಲಿಲ್ಲ, ಆದರೂ ಮೊದಲು ತೆರೆದು ನೋಡಬೇಕಾದ ಜಾಗ ಅದು.

ನಮ್ಮ ದೇಶದ್ದೇ 'ಮೈ ಸ್ಟಾಂಪ್' ಬಗ್ಗೆ ಒಂದು ಮಾತು. 2011ರಿಂದ ಅಂಚೆ ಇಲಾಖೆ ದುಡ್ಡು ಕಟ್ಟಿದವರ ಫೋಟೋ ಸೇರಿಸಿ ಹಾಳೆ ಕೊಡುತ್ತದೆ. ಹಾಗೆ ಮಾಡಿಸಿದ ಹಾಳೆಯನ್ನು 'ಈ ನಟನ ಗೌರವಾರ್ಥ ಭಾರತ ಸರ್ಕಾರ ಹೊರಡಿಸಿದ ಅಂಚೆ ಚೀಟಿ' ಎಂದು ಮಾರುವವರಿದ್ದಾರೆ. ಅಭಿಮಾನಿಗಳು ಪಾಪ, ಹಿಂದೆಮುಂದೆ ನೋಡದೆ ಕೊಳ್ಳುತ್ತಾರೆ. ಅದು 'ಮೈ ಸ್ಟಾಂಪ್' ಎಂದು ಶೀರ್ಷಿಕೆಯಲ್ಲೇ ಹಾಕಿ.

ಹಂತ 2: ಬೆಲೆಬಾಳುವುದನ್ನು ಲೂಪ್ ಕೆಳಗೆ ಇಡಿ

ಎಲ್ಲ ಚೀಟಿಗೂ ಈ ಶ್ರಮ ಬೇಡ. ಐದು ರೂಪಾಯಿಯ ಚೀಟಿಗೆ ನಕಲಿ ಮಾಡುವವರು ಕಡಿಮೆ. ಆದರೆ ಸಾವಿರಗಳ ಲೆಕ್ಕದಲ್ಲಿ ಮಾರುವ ಚೀಟಿಯನ್ನು ಅನುಮಾನದಿಂದಲೇ ನೋಡಬೇಕು. ಭಾರತದ ಮಟ್ಟಿಗೆ ಆ ಸಾಲಿನಲ್ಲಿ ಮೊದಲು ನಿಲ್ಲುವುದು 1948ರ ಗಾಂಧೀಜಿ 10 ರೂಪಾಯಿ.

1948ರ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯದ ಮೊದಲ ವರ್ಷಕ್ಕೆ ಬಂದ ನಾಲ್ಕು ಚೀಟಿಗಳ ಸೆಟ್ ಅದು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು 10 ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ, ಫೋಟೋಗ್ರಾವ್ಯೂರ್ ವಿಧಾನದಲ್ಲಿ. ಪರ್ಫೊರೇಷನ್ 11½, ವಾಟರ್‌ಮಾರ್ಕ್ (ಕಾಗದದೊಳಗೇ ಮೂಡಿಸಿದ ಗುರುತು) ಇಲ್ಲ. 10 ರೂಪಾಯಿಯದಕ್ಕೆ ಎರಡೇ ಬಣ್ಣ, ನೇರಳೆಗಂದು ಮತ್ತು ಕಡುಗೆಂಪು.

ಈಗ ಚೀಟಿಯನ್ನು ಲೂಪ್ ಕೆಳಗೆ ಇಟ್ಟು ಗಾಂಧೀಜಿಯ ಕೆನ್ನೆ ನೋಡಿ. ಅಸಲಿಯಲ್ಲಿ ನೆರಳು ಬಹಳ ನಯವಾಗಿ, ಒಂದೇ ಬಣ್ಣದ ಅತಿ ಸಣ್ಣ ಚುಕ್ಕೆಗಳ ಜಾಲವಾಗಿ ಕಾಣುತ್ತದೆ. ಈಗಿನ ಪ್ರಿಂಟರ್‌ನಲ್ಲಿ ತೆಗೆದ ನಕಲಿಯಲ್ಲಿ ನೀಲಿ, ಹಳದಿ, ಗುಲಾಬಿ ಚುಕ್ಕೆಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಎರಡು ಬಣ್ಣದಲ್ಲಿ ಅಚ್ಚಾದ ಚೀಟಿಗೆ ಹಳದಿ ಚುಕ್ಕೆ ಎಲ್ಲಿಂದ ಬಂತು? ಅಲ್ಲಿಗೆ ಮುಗಿಯಿತು. ಆಮೇಲೆ ಹಿಂದಿ ಮತ್ತು ಉರ್ದುವಿನಲ್ಲಿರುವ 'ಬಾಪೂ' ಅಕ್ಷರಗಳ ಅಂಚು ನೋಡಿ, ನಕಲಿಯಲ್ಲಿ ಅವು ಮಸುಕಾಗಿರುತ್ತವೆ. ಕೊನೆಗೆ ಗೇಜ್ ಮೇಲೆ ಇಟ್ಟು ನಾಲ್ಕೂ ಬದಿ ಅಳೆಯಿರಿ. ಒಂದು ಬದಿ ಮಾತ್ರ ಬೇರೆ ಅಳತೆ ಬಂದರೆ ಹಲ್ಲು ಮುರಿದದ್ದನ್ನು ಕತ್ತರಿಸಿ ಹೊಸದಾಗಿ ತೂತು ಹೊಡೆದಿರಬಹುದು.

ಇದೇ ಚೀಟಿಗೆ ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು 'ಸರ್ವಿಸ್' ಎಂದು ಮೇಲಚ್ಚು ಹಾಕಿದ ರೂಪವೂ ಇದೆ. 10 ರೂಪಾಯಿಯ ಅಂಥ ನಾಲ್ಕು ಚೀಟಿಗಳ ಬಿಡಿಸದ ಸಾಲು 2017ರಲ್ಲಿ ಬ್ರಿಟನ್‌ನಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಈ ಸುದ್ದಿ ಬಂದದ್ದೇ ತಡ, ಎಲ್ಲರ ಮನೆಯ ಗಾಂಧಿ ಚೀಟಿಯೂ ಲಕ್ಷದ್ದಾಯಿತು. ಸಾಮಾನ್ಯ ಚೀಟಿಯ ಮೇಲೆ ಏಳು ಇಂಗ್ಲಿಷ್ ಅಕ್ಷರ ಅಚ್ಚು ಹಾಕುವುದು ಕಷ್ಟದ ಕೆಲಸವಲ್ಲ. ಹಾಗಾಗಿ ನನ್ನ ಮಾತು ಖಡಾಖಂಡಿತ: 'ಸರ್ವಿಸ್' ಮೇಲಚ್ಚಿನ ಗಾಂಧಿ ಚೀಟಿಯನ್ನು ತಜ್ಞರ ಪ್ರಮಾಣಪತ್ರ ಇಲ್ಲದೆ ಮಾರಾಟಕ್ಕೆ ಇಡಲೇಬೇಡಿ. 'ನನಗೆ ಗೊತ್ತಿಲ್ಲ, ನೀವೇ ನೋಡಿಕೊಳ್ಳಿ' ಎಂದು ಬರೆದು ಇಡುವುದೂ ಬೇಡ. ಗೊತ್ತಿಲ್ಲ ಅನ್ನುವವರು ಅಷ್ಟು ದೊಡ್ಡ ಬೆಲೆ ಯಾಕೆ ಕೇಳುತ್ತಿದ್ದಾರೆ ಅಂತ ಯಾರೂ ಕೇಳಬಹುದು, ಅಲ್ವಾ?

ಹಂತ 3: ಸ್ಥಿತಿ ಹೇಗಿದೆಯೋ ಹಾಗೇ ಹೇಳಿ

ಅತಿ ಹೆಚ್ಚು ಜಗಳ ಆಗುವುದು ನಕಲಿಯ ಬಗ್ಗೆ ಅಲ್ಲ, ಸ್ಥಿತಿಯ ಬಗ್ಗೆ. ಬಳಸದ ಚೀಟಿಯಲ್ಲೇ ಮೂರು ಬಗೆ. ಗಮ್ ಪೂರ್ತಿ ಇದ್ದು ಹಿಂಜ್ ತಾಗದಿದ್ದರೆ ಎಂಎನ್‌ಎಚ್. ಹಿಂಜ್ ಅಂಟಿಸಿದ ಗುರುತಿದ್ದರೆ ಎಂಎಚ್. ಗಮ್ ಹೋಗಿದ್ದರೆ ಎಂಎನ್‌ಜಿ. ಹಳೇ ಚೀಟಿಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಬೆಲೆಯಲ್ಲಿ ಅಜಗಜಾಂತರ. 'ಮಿಂಟ್' ಎಂದಷ್ಟೇ ಬರೆದು ಸುಮ್ನಿದ್ದರೆ ಕೊಳ್ಳುವವರು ಮೊದಲನೆಯದೇ ಅಂದುಕೊಳ್ಳುತ್ತಾರೆ. ಅವರು ಹಾಗೆ ಅಂದುಕೊಳ್ಳುತ್ತಾರೆ ಎಂದು ನಿಮಗೂ ಗೊತ್ತು. ಬಾಯಿಬಿಟ್ಟು ಸುಳ್ಳು ಹೇಳದೆ ಸುಳ್ಳು ಹೇಳುವ ರೀತಿ ಇದು.

ಈ ಬೆಲೆ ವ್ಯತ್ಯಾಸದಿಂದಲೇ ಹೊಸ ಗಮ್ ಬಳಿಯುವ ದಂಧೆ ಹುಟ್ಟಿದ್ದು. ಪತ್ತೆ ಮಾಡಲು ಹಲ್ಲಿನ ತುದಿ ನೋಡಬೇಕು. ಹಿಂದಿನ ಮುದ್ರಣದಲ್ಲಿ ಸಾಮಾನ್ಯವಾಗಿ ಹಾಳೆಗೆ ಮೊದಲು ಗಮ್ ಹಚ್ಚಿ ಆಮೇಲೆ ತೂತು ಹೊಡೆಯುತ್ತಿದ್ದರು. ಆದ್ದರಿಂದ ಬಿಡಿಸಿದ ಚೀಟಿಯ ಹಲ್ಲಿನ ತುದಿಯಲ್ಲಿ ಕಾಗದದ ನಾರು ಬಿಡಿಬಿಡಿಯಾಗಿ, ಮೆತ್ತಗೆ ಇರುತ್ತದೆ. ಬಿಡಿ ಚೀಟಿಗೆ ಗಮ್ ಬಳಿದರೆ ಅದು ತುದಿಗೂ ಹರಿದು ನಾರುಗಳನ್ನು ಅಂಟಿಸಿಬಿಡುತ್ತದೆ. ಲೂಪ್‌ನಲ್ಲಿ ತುದಿಗಳು ಮೊನಚಾಗಿ, ಹೊಳೆಯುತ್ತಾ ಕಾಣುತ್ತವೆ. ಬೆರಳಿಗೆ ಗರಗಸದ ಹಲ್ಲಿನಂತೆ ಗಡುಸಾಗಿ ತಾಗುತ್ತವೆ.

ಜಾರ್ಜ್ ದೊರೆಗಳ ಕಾಲದ ದೊಡ್ಡ ಮುಖಬೆಲೆಯ ಚೀಟಿಗಳಲ್ಲಿ ಇನ್ನೊಂದು ಕೈಚಳಕ ನಡೆಯುತ್ತದೆ. ಅವು ಅಂಚೆಗೂ ರೆವಿನ್ಯೂಗೂ ಬಳಕೆಯಾಗುತ್ತಿದ್ದವು. ದಸ್ತಾವೇಜಿನ ಮೇಲೆ ಅಂಟಿಸಿ ಪೆನ್ನಿನಲ್ಲಿ ಗೀಚಿದ ಚೀಟಿ ಅಗ್ಗ. ಆ ಶಾಯಿಯನ್ನು ತೊಳೆದು, ನಕಲಿ ಅಂಚೆ ಠಸ್ಸೆ ಒತ್ತಿದರೆ ಅದೇ ಚೀಟಿ ದುಬಾರಿ. ಯುವಿ ಬೆಳಕಿನಲ್ಲಿ ತೊಳೆದ ಶಾಯಿಯ ನೆರಳು ಎಷ್ಟೋ ಸಲ ಕಾಣುತ್ತದೆ. ಕಂಡರೆ ಬರೆಯಿರಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯ ಸಂಗ್ರಹಗಳಿಗೆ ಮಳೆಗಾಲವೇ ಶತ್ರು. ಗಮ್ ಮೇಲೆ ತಿಳಿಗಂದು ಚುಕ್ಕೆ ಬರುತ್ತದೆ. ಕೆಲವರು ಟೋನಿಂಗ್ ಅಂತಾರೆ, ಕೆಲವರು ರಸ್ಟ್ ಅಂತಾರೆ. ಎರಡು ಚುಕ್ಕೆ ಇದ್ದರೆ ಎರಡು ಚುಕ್ಕೆ ಎಂದೇ ಬರೆಯಿರಿ, ಎಲ್ಲಿ ಎಂಬುದನ್ನೂ ಹೇಳಿ. ಬ್ಲೀಚ್ ಹಾಕಿ ತೆಗೆದಿದ್ದರೆ ಅದನ್ನೂ ಹೇಳಿ. ಥಿನ್ (ಕಾಗದ ತೆಳುವಾದ ಜಾಗ), ಮಡಿಕೆ, ಗಿಡ್ಡ ಹಲ್ಲು, ಬಣ್ಣ ಮಾಸಿದ್ದು, ಎಲ್ಲಕ್ಕೂ ಇದೇ ನಿಯಮ: ಚೀಟಿಗೆ ಏನು ಮಾಡಿಸಿದ್ದೀರೋ, ಏನು ಆಗಿದೆಯೋ ಅದು ಕೊಳ್ಳುವವರಿಗೆ ದುಡ್ಡು ಕೊಡುವ ಮೊದಲೇ ಗೊತ್ತಾಗಬೇಕು.

ಹೊಸ ಚೀಟಿಗಳಿಗೂ ಅವುಗಳದೇ ತೊಂದರೆ ಇವೆ. 2006ರ ಡಿಸೆಂಬರ್ 13ರಂದು ಬಂದ 15 ರೂಪಾಯಿಯ ಶ್ರೀಗಂಧದ ಚೀಟಿ ಭಾರತದ ಮೊದಲ ಪರಿಮಳದ ಚೀಟಿ. ಜನ ಅದನ್ನು ಕೊಳ್ಳುವುದೇ ಮೂಸಿ ನೋಡಲು. ನಿಮ್ಮದರಲ್ಲಿ ವಾಸನೆ ಉಳಿದಿದೆಯಾ ಇಲ್ಲವಾ ಎಂದು ಒಂದು ಸಾಲು ಬರೆದರೆ ಮುಗಿಯಿತು.

ಹಂತ 4: ಫೋಟೋ

ಮೊಬೈಲ್‌ಗಿಂತ ಸ್ಕ್ಯಾನರ್ ಒಳ್ಳೆಯದು. 600 ಡಿಪಿಐ ಸಾಕು. ಹಿನ್ನೆಲೆ ಕಪ್ಪಾಗಿರಲಿ, ಆಗ ಹಲ್ಲುಗಳು ಎಣಿಸುವಷ್ಟು ಸ್ಪಷ್ಟ ಬರುತ್ತವೆ. ನಾಲ್ಕೂ ಅಂಚು ಕಾಣಬೇಕು, ಅರ್ಧ ಕತ್ತರಿಸಿದ ಚಿತ್ರ ಬೇಡ. ಮುಂದೆ ಒಂದು, ಹಿಂದೆ ಒಂದು ಕಡ್ಡಾಯ. ಬಣ್ಣ ಗಾಢವಾಗಿ ತೋರಿಸುವ ಆಟೋ ಕರೆಕ್ಷನ್ ಆಫ್ ಮಾಡಿ, ಏಕೆಂದರೆ ಎಷ್ಟೋ ಚೀಟಿಗಳ ಬೆಲೆ ನಿಂತಿರುವುದೇ ಬಣ್ಣದ ಛಾಯೆಯ ಮೇಲೆ.

ಬೇರೆ ಕಡೆಯಿಂದ ಎತ್ತಿದ ಚಿತ್ರ ಹಾಕುವುದು, 'ಸ್ಯಾಂಪಲ್ ಫೋಟೋ' ಎಂದು ಚೆನ್ನಾಗಿರುವುದನ್ನು ತೋರಿಸಿ ಇನ್ನೊಂದನ್ನು ಕಳಿಸುವುದು ಮೋಸವೇ. ನೂರು ಒಂದೇ ತರಹದ ಹೊಸ ಚೀಟಿ ಇದ್ದರೆ ಮಾತ್ರ ಒಂದೇ ಚಿತ್ರ ನಡೆಯುತ್ತದೆ, ಅದೂ ಹಾಗೆಂದು ಹೇಳಿದರೆ. ಇನ್ನು 'ಇನ್ನೂರು ಚೀಟಿಗಳ ಲಾಟ್' ಮಾರುವವರ ಮಾತು. ಮೇಲೆ ನಾಲ್ಕು ಒಳ್ಳೇ ಚೀಟಿ ಹರಡಿ ಕೆಳಗೆ ಹರಿದದ್ದು ತುಂಬುವುದು, ಸಂತೆಯಲ್ಲಿ ಮೇಲೊಂದು ಸಾಲು ರಸಪುರಿ ಜೋಡಿಸಿದ ಬುಟ್ಟಿಯ ಲೆಕ್ಕವೇ. ಎಲ್ಲವನ್ನೂ ಹರಡಿ ಚಿತ್ರ ತೆಗೆಯಿರಿ. ಆಗದಿದ್ದರೆ 'ಇದರಲ್ಲಿ ಹಾಳಾದವೂ ಇವೆ' ಎಂದು ಸುಮಾರು ಎಷ್ಟು ಎಂಬುದರ ಸಮೇತ ಬರೆಯಿರಿ. ಒಳ್ಳೆಯದನ್ನೆಲ್ಲ ಆರಿಸಿ ತೆಗೆದ ಮೇಲೆ 'ಅಜ್ಜನ ಆಲ್ಬಮ್, ಕೈ ಹಾಕಿಲ್ಲ' ಎನ್ನಬೇಡಿ.

ಹಂತ 5: ವಿವರಣೆ ಬರೆಯುವುದು

ದಿನಾ ಕಣ್ಣಿಗೆ ಬೀಳುವ ಮಾದರಿ ಹೀಗಿರುತ್ತದೆ:

'ವೆರಿ ವೆರಿ ರೇರ್!!! 1948 ಗಾಂಧಿ 12 ಆಣೆ, ಸೂಪರ್ ಕಂಡೀಷನ್, ಚಿತ್ರ ನೋಡಿ ಕೊಳ್ಳಿ, ನೋ ರಿಟರ್ನ್.'

ಇದೇ ಚೀಟಿಯನ್ನು ಹೀಗೆ ಬರೆಯಬಹುದು:

'ಭಾರತ, 15 ಆಗಸ್ಟ್ 1948, ಮಹಾತ್ಮ ಗಾಂಧಿ, 12 ಆಣೆ. ಬಳಸದ ಚೀಟಿ, ಮೂಲ ಗಮ್. ಹಿಂಜ್ ಅಂಟಿಸಿದ್ದು, ಹಿಂಬದಿ ಮೇಲ್ಗಡೆ ಎಡಕ್ಕೆ ಹಿಂಜ್ ತುಂಡು ಉಳಿದಿದೆ. ಗಮ್ ಮೇಲೆ ಎರಡು ಸಣ್ಣ ಟೋನಿಂಗ್ ಚುಕ್ಕೆ, ಮುಂದೆ ಕಾಣುವುದಿಲ್ಲ. ಬಲ ಅಂಚಿನಲ್ಲಿ ಕೆಳಗಿನಿಂದ ಮೂರನೇ ಹಲ್ಲು ಗಿಡ್ಡ. ಥಿನ್ ಇಲ್ಲ, ಮಡಿಕೆ ಇಲ್ಲ. ಪರ್ಫ್ 11½, ಗೇಜ್‌ನಲ್ಲಿ ಅಳೆದಿದೆ. ಪ್ರಮಾಣಪತ್ರ ಇಲ್ಲ. ಹಿಂದೆ ಮುಂದೆ ಎರಡೂ ಸ್ಕ್ಯಾನ್ ಹಾಕಿದೆ. ವಿವರಣೆಗೆ ಹೊಂದದಿದ್ದರೆ 14 ದಿನದೊಳಗೆ ವಾಪಸ್, ಪೂರ್ತಿ ಹಣ ಮತ್ತು ಎರಡೂ ಕಡೆಯ ಅಂಚೆ ಖರ್ಚು ನನ್ನದು.'

ಎರಡನೆಯದರಲ್ಲಿ ಹೊಗಳಿಕೆಯೇ ಇಲ್ಲ ಗಮನಿಸಿ. ಅನುಭವಿ ಸಂಗ್ರಾಹಕರು ಇದನ್ನು ನೋಡಿದ ಕೂಡಲೇ 'ಇವರಿಗೆ ಚೀಟಿ ನೋಡಲು ಬರುತ್ತದೆ' ಎಂದುಕೊಳ್ಳುತ್ತಾರೆ. 'ಚಿತ್ರ ನೋಡಿ ಕೊಳ್ಳಿ' ಎಂಬುದು ಚಿತ್ರದಲ್ಲಿ ಕಾಣದ ದೋಷಕ್ಕೆ ಹಾಕಿದ ಪರದೆ. ಥಿನ್ ಯಾವ ಮುಂಬದಿಯ ಚಿತ್ರದಲ್ಲೂ ಕಾಣುವುದಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. 'ಯುವಿ ಪರೀಕ್ಷೆ ಮಾಡಿಲ್ಲ', 'ವಾಟರ್‌ಮಾರ್ಕ್ ನೋಡಲು ಬರಲಿಲ್ಲ' ಎಂಬ ಸಾಲು ಇದ್ದರೆ ಅವರು ಅದಕ್ಕೆ ತಕ್ಕ ಬೆಲೆ ಹೇಳುತ್ತಾರೆ.

ಹಂತ 6: ಬೆಲೆ ಮತ್ತು ಹರಾಜು

ಬ್ರಿಟನ್ನಿನ ಅಂಚೆ ಚೀಟಿ ವ್ಯಾಪಾರ ಸಂಸ್ಥೆ ಸ್ಟ್ಯಾನ್ಲಿ ಗಿಬನ್ಸ್‌ನ ಕ್ಯಾಟಲಾಗ್‌ನಲ್ಲಿರುವುದು ಒಳ್ಳೇ ಸ್ಥಿತಿಯ ಚೀಟಿಗೆ ಆ ಸಂಸ್ಥೆಯೇ ಇಟ್ಟ ಮಾರಾಟದ ದರ. ಮಡಿಕೆ ಬಿದ್ದ, ಚುಕ್ಕೆ ಬಂದ ಚೀಟಿಗೆ ಆ ಬೆಲೆ ತೋರಿಸಿ 'ಕ್ಯಾಟಲಾಗ್ ಬೆಲೆ ಇಷ್ಟು, ನಾನು ಅರ್ಧಕ್ಕೆ ಕೊಡುತ್ತಿದ್ದೇನೆ' ಎನ್ನುವುದು ಸರಿಯಲ್ಲ. ಕ್ಯಾಟಲಾಗ್ ಬೆಲೆ ಹೇಳುವುದಾದರೆ ಯಾವ ವರ್ಷದ ಕ್ಯಾಟಲಾಗ್, ಯಾವ ನಂಬರ್, ಯಾವ ಸ್ಥಿತಿಗೆ ಎಂದು ಮೂರನ್ನೂ ಹೇಳಿ.

'ರೇರ್' ಎಂದು ಬರೆಯುವ ಮೊದಲು ಎಷ್ಟು ಅಚ್ಚಾಗಿತ್ತು ನೋಡಿ. ಸ್ಮರಣಾರ್ಥ ಚೀಟಿಗಳ ಜೊತೆ ಬರುವ ಅಂಚೆ ಇಲಾಖೆಯ ಮಾಹಿತಿ ಪತ್ರದಲ್ಲಿ ಸಂಖ್ಯೆ ಇರುತ್ತದೆ. ಲಕ್ಷಗಟ್ಟಲೆ ಅಚ್ಚಾದದ್ದು ರೇರ್ ಹೇಗಾಗುತ್ತದೆ? ಬೆಂಗಳೂರು ಜಿಪಿಒದ ಫಿಲಾಟೆಲಿ ಬ್ಯೂರೋದಲ್ಲಿ ಇನ್ನೂ ಮುಖಬೆಲೆಗೆ ಸಿಗುವ ಚೀಟಿಯನ್ನು ಮೂರು ಪಟ್ಟು ಬೆಲೆಗೆ ಮಾರುವುದು ನಿಮ್ಮಿಷ್ಟ. ಬಾಗಲಕೋಟೆಯಲ್ಲೋ ಬೀದರಿನಲ್ಲೋ ಕೂತವರಿಗೆ ಬ್ಯೂರೋಗೆ ಹೋಗುವ ಖರ್ಚಿಗಿಂತ ಅದೇ ಸಲೀಸಾಗಬಹುದು. ಆದರೆ 'ಈಗ ಎಲ್ಲೂ ಸಿಗುವುದಿಲ್ಲ' ಎಂಬ ಮಾತು ಬೇಡ.

ವಾಟ್ಸಾಪ್ ಹರಾಜಿನ ದೊಡ್ಡ ರೋಗ ಎಂದರೆ ಸ್ವಂತ ಜನರಿಂದ ಕೂಗಿಸುವುದು. ಬಾಮೈದನ ನಂಬರಿನಿಂದ ಐವತ್ತು, ಗೆಳೆಯನ ನಂಬರಿನಿಂದ ನೂರು ಎಂದು ಏರಿಸಿ ನಿಜವಾದ ಗಿರಾಕಿಯನ್ನು ಮೇಲಕ್ಕೆ ಎಳೆಯುವುದು. ಇಷ್ಟಕ್ಕಿಂತ ಕಡಿಮೆಗೆ ಕೊಡಲಾಗದು ಎಂದಿದ್ದರೆ ಆ ಬೆಲೆಯಿಂದಲೇ ಹರಾಜು ಶುರು ಮಾಡಿ. ಕಡಿಮೆ ಬೆಲೆಗೆ ಹೋಯಿತು ಎಂದು ಆಮೇಲೆ 'ಚೀಟಿ ಕಳೆದುಹೋಯಿತು' ಎನ್ನುವವರನ್ನು ಗ್ರೂಪಿನ ಜನ ಮರೆಯುವುದಿಲ್ಲ.

ಹಂತ 7: ಪ್ರಮಾಣಪತ್ರ

ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿ, ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಷನ್ ಇವುಗಳ ತಜ್ಞರು ಚೀಟಿ ಪರೀಕ್ಷಿಸಿ ಫೋಟೋ ಸಮೇತ ಪ್ರಮಾಣಪತ್ರ ಕೊಡುತ್ತಾರೆ. ದುಡ್ಡೂ ಹೌದು, ಸಮಯವೂ ಹೌದು. ಸಾವಿರ ರೂಪಾಯಿಯ ಚೀಟಿಗೆ ಇದು ಗಿಟ್ಟುವುದಿಲ್ಲ. ದೊಡ್ಡ ಬೆಲೆಯದಕ್ಕೆ ಬೇಕೇ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ, ಕೊಂಡವರು ಪರೀಕ್ಷೆಗೆ ಕಳಿಸಲು ಒಪ್ಪಿ, ಫಲಿತಾಂಶ ಬರುವವರೆಗೆ ವಾಪಸಾತಿಯ ಗಡುವು ಮುಂದಕ್ಕೆ ಹಾಕಿ. ನಕಲಿ ಎಂದು ಬಂದರೆ ಶುಲ್ಕ ಯಾರು ಕೊಡಬೇಕು ಎಂಬುದನ್ನು ಮೊದಲೇ ಬರೆದಿಡಿ, ಆಮೇಲೆ ಮುಖ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಹಳೇ ಪ್ರಮಾಣಪತ್ರ ಇದ್ದರೆ ಅದರಲ್ಲಿರುವ ಚಿತ್ರಕ್ಕೂ ಕೈಯಲ್ಲಿರುವ ಚೀಟಿಗೂ ಹಲ್ಲು ಹಲ್ಲು ತಾಳೆ ನೋಡಿ. ಒಳ್ಳೇ ಚೀಟಿಯ ಪತ್ರದ ಜೊತೆ ಬೇರೆ ಚೀಟಿ ಇಟ್ಟು ಮಾರುವವರಿದ್ದಾರೆ. ಪತ್ರದಲ್ಲಿ 'ಅಸಲಿ, ಆದರೆ ದುರಸ್ತಿಯಾಗಿದೆ' ಎಂದಿದ್ದರೆ ಆ 'ಆದರೆ'ಯನ್ನು ನುಂಗಬೇಡಿ, ಇಡೀ ಪತ್ರದ ಚಿತ್ರ ಹಾಕಿ.

ಹಂತ 8: ನಕಲು ಎಂದು ಹೇಳಿ ಮಾರಿದರೆ ಸಾಕೇ?

ಸಾಲದು. ಇದಕ್ಕೆ ಇತಿಹಾಸದಲ್ಲೇ ಉದಾಹರಣೆ ಇದೆ. ಜಿನೀವಾದ ಫ್ರಾಂಸ್ವಾ ಫೂರ್ನಿಯೇ ತಾನು ಮಾರುವುದು ನಕಲು ಎಂದು ದರಪಟ್ಟಿಯಲ್ಲೇ ಅಚ್ಚು ಹಾಕಿ ರಾಜಾರೋಷವಾಗಿ ಮಾರುತ್ತಿದ್ದ. ಅವನಿಂದ ಕೊಂಡವರಿಗೆ ಸತ್ಯ ಗೊತ್ತಿತ್ತು. ಅವರ ಕೈಯಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಹೋಗುವಾಗ ಚೀಟಿ ಮಾತ್ರ ಹೋಯಿತು, ದರಪಟ್ಟಿ ಹೋಗಲಿಲ್ಲ. ಅವನು 1917ರಲ್ಲಿ ತೀರಿಕೊಂಡ. ಉಳಿದ ದಾಸ್ತಾನನ್ನು ಜಿನೀವಾದ ಸಂಗ್ರಾಹಕರ ಸಂಘ ಕೊಂಡು, 1928ರಲ್ಲಿ ಪ್ರತಿ ಚೀಟಿಗೂ ನಕಲಿ ಎಂಬ ಮುದ್ರೆ ಒತ್ತಿ ಅಧ್ಯಯನದ ಆಲ್ಬಮ್‌ಗಳನ್ನು ಮಾಡಿತು. ಮುದ್ರೆ ಇಲ್ಲದೆ ಅದಕ್ಕೂ ಮೊದಲೇ ಹೊರಗೆ ಹೋದವು ಇವತ್ತಿಗೂ ಹಳೇ ಆಲ್ಬಮ್‌ಗಳಲ್ಲಿ ಸಿಗುತ್ತವೆ.

ಜೀನ್ ದ ಸ್ಪೆರಾಟಿ ಇನ್ನೂ ಚಾಲಾಕಿ. ಅಗ್ಗದ ಅಸಲಿ ಚೀಟಿಯ ಬಣ್ಣ ತೊಳೆದು, ಅದೇ ಹಳೇ ಕಾಗದದ ಮೇಲೆ ದುಬಾರಿ ಚೀಟಿ ಅಚ್ಚು ಹಾಕುತ್ತಿದ್ದ. ಕಾಗದ ಅಸಲಿ, ಹಲ್ಲು ಅಸಲಿ, ಠಸ್ಸೆಯೂ ಅಸಲಿ. 1942ರಲ್ಲಿ ಅವನು ಲಿಸ್ಬನ್‌ಗೆ ಕಳಿಸಿದ ಲಕೋಟೆಯನ್ನು ಫ್ರಾನ್ಸಿನ ಕಸ್ಟಮ್ಸ್‌ನವರು ಹಿಡಿದು, ಬೆಲೆಬಾಳುವ ಚೀಟಿ ಅನುಮತಿ ಇಲ್ಲದೆ ಸಾಗಿಸಿದ ಎಂದು ಕೇಸು ಹಾಕಿದರು. ತಜ್ಞರೂ ಅಸಲಿ ಎಂದೇ ಹೇಳಿದರು. ಪಾರಾಗಲು ಅವನೇ 'ಅಯ್ಯೋ, ಅವೆಲ್ಲ ನಾನು ಮಾಡಿದ ನಕಲಿ' ಎಂದು ಸಾಬೀತು ಮಾಡಬೇಕಾಯಿತು!

ನಮ್ಮ ಕಾನೂನು ಈ ವಿಚಾರದಲ್ಲಿ ಖಡಕ್. ಅಂಚೆ ಚೀಟಿಯ ನಕಲನ್ನು ಮಾಡುವುದು, ಗೊತ್ತಿದ್ದೂ ಮಾರುವುದು ಎರಡನ್ನೂ ಹಿಂದಿನ ದಂಡ ಸಂಹಿತೆಯ 263ಎ ಸೆಕ್ಷನ್ ನಿಷೇಧಿಸಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 186ನೇ ಸೆಕ್ಷನ್. ನಕಲಿಯನ್ನು ಅಸಲಿ ಎಂದು ಮಾರಿದರೆ ಅದರ ಮೇಲೆ ವಂಚನೆಯ 318ನೇ ಸೆಕ್ಷನ್ ಬೇರೆ. ಹಾಗಾಗಿ ಕೈಗೆ ನಕಲಿ ಬಂದರೆ ಹಿಂಬದಿಯಲ್ಲಿ ಅಳಿಸಲಾಗದ ಶಾಯಿಯಲ್ಲಿ 'ನಕಲಿ' ಎಂದು ಬರೆದು ನಿಮ್ಮ ಹೋಲಿಕೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಪೆನ್ಸಿಲ್ ಬೇಡ, ರಬ್ಬರ್ ಎಲ್ಲರ ಮನೆಯಲ್ಲೂ ಇದೆ.

ಹಂತ 9: ವಾಪಸಾತಿ

ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತು ನಕಲಿಯಾಗಿದ್ದರೆ, ದೋಷ ಇದ್ದರೆ ಅಥವಾ ಹೇಳಿದ ಗುಣ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ತೆಗೆದುಕೊಳ್ಳಲು, ಹಣ ಕೊಡಲು ನಿರಾಕರಿಸುವಂತಿಲ್ಲ. ಅಂದರೆ 'ನೋ ರಿಟರ್ನ್' ಎಂದು ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು. ತಾವೇ ಗ್ರಾಹಕರಂತೆ ನಟಿಸಿ ಹೊಗಳಿ ಬರೆಯುವುದನ್ನೂ ಈ ನಿಯಮಗಳು ತಡೆಯುತ್ತವೆ. ವ್ಯಾಪಾರವಾಗಿ ಅಲ್ಲದೆ, ಯಾವಾಗಲೋ ಒಮ್ಮೆ ಮನೆಯ ಸಂಗ್ರಹ ಮಾರುವವರಿಗೆ ಇವು ಅನ್ವಯಿಸುವುದಿಲ್ಲ. ಆದರೆ ವಾರ ವಾರ ಹರಾಜು ಹಾಕುತ್ತಾ 'ನಾನು ಬರೀ ಹವ್ಯಾಸಿ' ಎಂದರೆ ಯಾರೂ ಒಪ್ಪರು. ಕೊಳ್ಳುವವರಿಗೆ ದೂರು ಹೇಳಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಹೊರದೇಶಕ್ಕೆ ಕಳಿಸುವವರು 1972ರ ಪುರಾವಸ್ತು ಕಾಯ್ದೆಯನ್ನೂ ನೆನಪಿಡಿ. ನೂರು ವರ್ಷ ದಾಟಿದ ಪುರಾವಸ್ತುಗಳನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅಷ್ಟು ಹಳೇ ಚೀಟಿ, ಕವರ್ ಮಾರಾಟಕ್ಕೆ ಇಡುವ ಮೊದಲೇ ಪುರಾತತ್ವ ಇಲಾಖೆಯನ್ನು ಕೇಳಿಕೊಳ್ಳಿ, ದುಡ್ಡು ತೆಗೆದುಕೊಂಡ ಮೇಲೆ ಅಲ್ಲ.

ಹಂತ 10: ಕಟ್ಟಿ ಕಳಿಸುವುದು

ಚೀಟಿಯನ್ನು ಗ್ಲಾಸಿನ್ (ನಯವಾದ, ಒಳಗಿನದು ಕಾಣುವ ಕಾಗದ) ಲಕೋಟೆಯಲ್ಲಿ ಅಥವಾ ಚೀಟಿ ಸಿಕ್ಕಿಸುವ ಸ್ಟಾಕ್ ಕಾರ್ಡ್‌ನಲ್ಲಿ ಹಾಕಿ. ಎರಡು ಕಡೆ ಗಟ್ಟಿ ರಟ್ಟು, ಅದರ ಹೊರಗೆ ಜಿಪ್ ಕವರ್. ಮಳೆಗಾಲದಲ್ಲಿ ಜಿಪ್ ಕವರ್ ಇಲ್ಲದೆ ಗಮ್ ಇರುವ ಚೀಟಿ ಕಳಿಸಿದರೆ ಅದು ತಲುಪುವಷ್ಟರಲ್ಲಿ ಲಕೋಟೆಗೇ ಅಂಟಿರುತ್ತದೆ. ಟೇಪನ್ನು ಚೀಟಿಯ ಹತ್ತಿರಕ್ಕೂ ತರಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಬೆಲೆ ಜಾಸ್ತಿ ಇದ್ದರೆ ವಿಮೆ ಮಾಡಿಸಿ, ರಸೀದಿಯ ನಂಬರ್ ಅವತ್ತೇ ಕೊಡಿ. ಐವತ್ತು ರೂಪಾಯಿ ಅಂಚೆ ಖರ್ಚಿಗೆ ಇನ್ನೂರು ಕೇಳುವುದು ಕೂಡ ಅಪ್ರಾಮಾಣಿಕತೆಯೇ.

ಹಂತ 11: ಮಾರಲೆಂದು ಕೊಳ್ಳುವಾಗ

ಸ್ವಲ್ಪ ದಿನ ಮಾರಿದ ಮೇಲೆ ಜನ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. 'ನಮ್ಮೆಜಮಾನ್ರು ಕೂಡಿಸಿಟ್ಟದ್ದು, ಎಷ್ಟು ಬರುತ್ತೆ ಸ್ವಲ್ಪ ನೋಡಿ' ಎಂದು ಒಬ್ಬ ಅಜ್ಜಿ ಆಲ್ಬಮ್ ಮುಂದಿಡುತ್ತಾರೆ. ಬೆಲೆ ಗೊತ್ತಿರುವುದು ಇಡೀ ಕೋಣೆಯಲ್ಲಿ ನಿಮಗೊಬ್ಬರಿಗೇ. ನೀವೇ ಬೆಲೆ ಕಟ್ಟಿ ನೀವೇ ಕೊಳ್ಳಬೇಡಿ. 'ಅಮ್ಮಾ, ಈ ಮೂರು ಚೀಟಿಗೆ ಬೆಲೆ ಇದೆ. ಇನ್ನೊಬ್ಬರಿಗೂ ತೋರಿಸಿ, ಆಮೇಲೆ ಕೊಡಿ' ಎಂದು ಹೇಳಿ, ಯಾವ ಮೂರು ಎಂದೂ ತೋರಿಸಿ. ನಿಮ್ಮ ಲಾಭ ಎಷ್ಟು ಇಟ್ಟುಕೊಳ್ಳುತ್ತೀರಿ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇದಕ್ಕಿಂತ ಹೆಚ್ಚು ಸಲ ಎದುರಾಗುವುದು ಉಲ್ಟಾ ಸಮಸ್ಯೆ. ಹಳೇ ಚೀಟಿಗೆ, ನಾಣ್ಯಕ್ಕೆ ಲಕ್ಷ ಲಕ್ಷ ಎಂಬ ವಿಡಿಯೋ ನೋಡಿ ಆಸೆಯಿಂದ ಬಂದಿರುತ್ತಾರೆ. ಕೆಲವರು ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದ ಯಾರಿಗೋ ದುಡ್ಡೂ ಕಳಿಸಿರುತ್ತಾರೆ. ರಿಸರ್ವ್ ಬ್ಯಾಂಕ್ ತನ್ನ ಹೆಸರಿನಲ್ಲಿ ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಆರನೇ ಜಾರ್ಜ್ ಕಾಲದ ಸಾಮಾನ್ಯ ಚೀಟಿ ಕೆಲವೇ ರೂಪಾಯಿಯದು ಎಂದು ಮೆತ್ತಗೆ, ಆದರೆ ನೇರವಾಗಿ ಹೇಳಿ. ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಹಂತ 12: ಮಾರಿದ ಮೇಲೂ

ಪ್ರತಿ ಚೀಟಿಗೂ ಒಂದು ಕಡತ ಇಟ್ಟುಕೊಳ್ಳಿ: ಎರಡೂ ಬದಿಯ ಸ್ಕ್ಯಾನ್, ಬರೆದ ವಿವರಣೆ, ಯಾರಿಂದ ಬಂತು, ಯಾರಿಗೆ ಹೋಯಿತು, ಎಷ್ಟಕ್ಕೆ. ಒಂದೇ ಕಡೆಯಿಂದ ಕೊಂಡ ಚೀಟಿಗಳಲ್ಲಿ ಒಂದು ನಕಲಿ ಎಂದು ತಿಳಿದುಬಂದರೆ, ಅಲ್ಲಿಂದ ಬಂದು ಆಗಲೇ ಮಾರಾಟವಾದ ಉಳಿದವುಗಳ ಗಿರಾಕಿಗಳಿಗೆ ನೀವಾಗಿಯೇ ಫೋನ್ ಮಾಡಬೇಕು. ಅವರು ದೂರುವ ತನಕ ಕಾಯುವುದಲ್ಲ. ಈ ಕಡತ ಇಲ್ಲದಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ?

ವಾಪಸ್ ಬಂದ ಚೀಟಿಯನ್ನು ಹಳೇ ಸ್ಕ್ಯಾನ್ ಜೊತೆ ಇಟ್ಟು ಹಲ್ಲು, ಠಸ್ಸೆ, ಹಿಂಜ್ ಗುರುತು ತಾಳೆ ನೋಡಿ, ಏಕೆಂದರೆ ಚೀಟಿ ಬದಲಿಸಿ ಕಳಿಸುವ ಗಿರಾಕಿಗಳೂ ಇದ್ದಾರೆ. ನಿಮ್ಮದೇ ಚೀಟಿ ಎಂದು ಖಾತ್ರಿಯಾದರೆ ಹಣ ಅವತ್ತೇ ಕಳಿಸಿ. ಆಮೇಲೆ ಅವರು ಹೇಳಿದ ದೋಷವನ್ನು ವಿವರಣೆಗೆ ಸೇರಿಸಿ, ಬೆಲೆ ಇಳಿಸಿ, ಮತ್ತೆ ಮಾರಾಟಕ್ಕೆ ಹಾಕಿ.